ಮನೆ ವ್ಯಾಲ್ಯುಯೇಷನ್‌ಗೆ ಮುಂಚೆ ಏನು ಮಾಡಬೇಕು, ಏನು ಮಾಡಬಾರದು

"ವ್ಯಾಲ್ಯುಯರ್ ಮನೆ ನೋಡೋಕೆ ಬರ್ತಾರಂತೆ, ಬಣ್ಣ ಹೊಡೆಸಿಬಿಡಲಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಸಾಲಕ್ಕೆ ಅರ್ಜಿ ಹಾಕಿದವರು ಕೇಳುತ್ತಾರೆ, ಮನೆ ಮಾರಲು ಹೊರಟವರು ಕೇಳುತ್ತಾರೆ, ಒಡಹುಟ್ಟಿದವರ ಜೊತೆ ಆಸ್ತಿ ಪಾಲು ಮಾಡಿಕೊಳ್ಳುವವರೂ ಕೇಳುತ್ತಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನವರಿಗೆ ಅದರ ಅಗತ್ಯವಿಲ್ಲ. ಆ ದುಡ್ಡಿನಲ್ಲಿ ಸೋರುವ ಪೈಪ್ ಸರಿ ಮಾಡಿಸಿ. ಆ ಸಮಯದಲ್ಲಿ ಕಾಗದಪತ್ರ ಹುಡುಕಿಡಿ.

ವ್ಯಾಲ್ಯುಯರ್ ಅಂದರೆ ಆಸ್ತಿಗೆ ಬೆಲೆ ಕಟ್ಟಿ, ಅದಕ್ಕೆ ಕಾರಣ ಬರೆದು, ಸಹಿ ಹಾಕಿ ವರದಿ ಕೊಡುವವರು. ಆ ವರದಿಗೆ ಅವರೇ ಹೊಣೆ. ಹಾಗಾಗಿ ನೋಡಲು ಸಿಗದಿದ್ದನ್ನು, ದಾಖಲೆ ಇಲ್ಲದ್ದನ್ನು ಅವರು ಸುಮ್ನೆ ಸೇರಿಸುವುದಿಲ್ಲ. ಸಿದ್ಧತೆ ಮಾಡಿದರೆ ಇಲ್ಲದ ಬೆಲೆ ಹುಟ್ಟುವುದಿಲ್ಲ, ಆದರೆ ಇರುವ ಬೆಲೆ ಲೆಕ್ಕದಿಂದ ತಪ್ಪಿಹೋಗದಂತೆ ನೋಡಿಕೊಳ್ಳಬಹುದು. ಬೀಗ ಹಾಕಿದ ಕೋಣೆ, ಅನುಮತಿ ಪತ್ರ ಸಿಗದ ಮಹಡಿ, ರಸೀದಿ ಕಳೆದುಹೋದ ಹೊಸ ವೈರಿಂಗ್, ಇಂಥ ಕಡೆಯೇ ಜನ ಕಳೆದುಕೊಳ್ಳುವುದು. ಈ ಲೇಖನ ಬರೆಯುತ್ತಿರುವುದೂ ಅದಕ್ಕೇ.

ಹಂತ 1: ವ್ಯಾಲ್ಯುಯೇಷನ್ ಯಾಕೆ, ಯಾರಿಗಾಗಿ ಅಂತ ಖಚಿತ ಮಾಡಿಕೊಳ್ಳಿ

ಒಂದೇ ಮನೆಗೆ ಒಂದೇ ದಿನ ಎರಡು ಬೇರೆ ಬೇರೆ ಬೆಲೆ ಬರಬಹುದು, ಎರಡೂ ಸರಿಯೇ ಇರಬಹುದು. ಯಾಕೆಂದರೆ ಕೇಳಿದ ಪ್ರಶ್ನೆ ಬೇರೆ.

ಮಾರಾಟಕ್ಕೆ ಮತ್ತು ಪಾಲಿಗೆ ಸಾಮಾನ್ಯವಾಗಿ ಬೇಕಾಗುವುದು ಮಾರುಕಟ್ಟೆ ಮೌಲ್ಯ. ಅಂತಾರಾಷ್ಟ್ರೀಯ ಮೌಲ್ಯಮಾಪನ ಮಾನದಂಡಗಳಲ್ಲಿ ಇದಕ್ಕೆ ಸ್ಪಷ್ಟ ವಿವರಣೆ ಇದೆ. ಸರಳವಾಗಿ ಹೇಳುವುದಾದರೆ: ಕೊಳ್ಳಲೇಬೇಕೆಂಬ ಒತ್ತಡ ಇಲ್ಲದವರು ಮತ್ತು ಮಾರಲೇಬೇಕೆಂಬ ಒತ್ತಡ ಇಲ್ಲದವರು, ಒಬ್ಬರಿಗೊಬ್ಬರು ಸಂಬಂಧ ಇಲ್ಲದವರು, ಎಲ್ಲ ವಿಷಯ ತಿಳಿದುಕೊಂಡು, ಮಾರುಕಟ್ಟೆಯಲ್ಲಿ ಸಾಕಷ್ಟು ದಿನ ಇಟ್ಟ ಮೇಲೆ, ಆ ನಿರ್ದಿಷ್ಟ ದಿನ ಒಪ್ಪಿಕೊಳ್ಳಬಹುದಾದ ಅಂದಾಜು ಬೆಲೆ. "ಆ ನಿರ್ದಿಷ್ಟ ದಿನ" ಅನ್ನುವುದನ್ನು ಮರೆಯಬೇಡಿ. ಮೌಲ್ಯಕ್ಕೆ ಯಾವಾಗಲೂ ಒಂದು ದಿನಾಂಕ ಇರುತ್ತದೆ.

ಸಾಲಕ್ಕಾದರೆ ವ್ಯಾಲ್ಯುಯರ್‌ಗೆ ಕೆಲಸ ಕೊಟ್ಟವರು ಸಾಲ ಕೊಡುವ ಸಂಸ್ಥೆ. ಶುಲ್ಕ ನಿಮ್ಮ ಕೈಯಿಂದಲೇ ಹೋಗಿದ್ದರೂ ವರದಿ ಬರೆಯುವುದು ಅವರಿಗಾಗಿ. ಸಾಲ ತೀರದಿದ್ದರೆ ಮನೆ ಮಾರಿ ಎಷ್ಟು ವಸೂಲಾಗುತ್ತದೆ ಅನ್ನುವುದು ಅವರ ಚಿಂತೆ. ಅದಕ್ಕೇ ಕೆಲವು ವರದಿಗಳಲ್ಲಿ ಮಾರುಕಟ್ಟೆ ಮೌಲ್ಯದ ಜೊತೆಗೆ ತುರ್ತು ಮಾರಾಟದ ಮೌಲ್ಯ, ಅಂದರೆ ಅವಸರದಲ್ಲಿ ಮಾರಿದರೆ ಸಿಗಬಹುದಾದ ಕಡಿಮೆ ಬೆಲೆಯನ್ನೂ ಬರೆಯುತ್ತಾರೆ. ಅದನ್ನು ನೋಡಿ ಗಾಬರಿಯಾಗಬೇಡಿ.

ವಿಮೆಗೆ ಮಾಡಿಸುವ ಮೌಲ್ಯಮಾಪನ ಇವೆರಡರಂತಲ್ಲ. ಅಲ್ಲಿ ಜಾಗದ ಬೆಲೆ ಬರುವುದೇ ಇಲ್ಲ. ಮನೆ ಸುಟ್ಟರೂ ಕುಸಿದರೂ ಜಾಗ ಅಲ್ಲೇ ಇರುತ್ತದೆ ಅಲ್ವಾ? ಅವಶೇಷ ತೆಗೆದುಹಾಕುವ ಖರ್ಚು, ವಾಸ್ತುಶಿಲ್ಪಿ ಮತ್ತು ಎಂಜಿನಿಯರ್ ಶುಲ್ಕ, ಮತ್ತೆ ಕಟ್ಟುವ ಖರ್ಚು, ಇಷ್ಟೇ ಲೆಕ್ಕ. ಮಾರುಕಟ್ಟೆ ಮೌಲ್ಯಕ್ಕೇ ವಿಮೆ ಮಾಡಿಸುವುದು ಬಹಳ ಜನ ಮಾಡುವ ತಪ್ಪು. ಜಾಗ ದುಬಾರಿಯಾದ ಕಡೆ ಸುಮ್ನೆ ಜಾಸ್ತಿ ಕಂತು ಕಟ್ಟುತ್ತಿರುತ್ತಾರೆ. ಜಾಗ ಅಗ್ಗವಾಗಿ ಕಟ್ಟಡ ದೊಡ್ಡದಿದ್ದರೆ, ಮತ್ತೆ ಕಟ್ಟಿಸಲು ವಿಮೆ ಹಣ ಸಾಲುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಏಜೆಂಟ್ ಹೇಳುವ ಬೆಲೆ ಒಂದು ಅಭಿಪ್ರಾಯ. ಕಟ್ಟಡ ತಪಾಸಣೆ ಅಂದರೆ ಮನೆಯ ದೋಷ ಹುಡುಕುವುದು. ಮೌಲ್ಯಮಾಪನ ಇವೆರಡೂ ಅಲ್ಲ. ವ್ಯಾಲ್ಯುಯರ್ ಗೋಡೆ ಒಡೆದು ನೋಡುವುದಿಲ್ಲ, ನೆಲ ಕಿತ್ತು ನೋಡುವುದಿಲ್ಲ. "ವ್ಯಾಲ್ಯುಯರ್ ಏನೂ ಹೇಳಲಿಲ್ಲ, ಹಾಗಾದರೆ ಕಟ್ಟಡ ಗಟ್ಟಿಯಾಗಿದೆ" ಅಂತ ಅಂದುಕೊಳ್ಳಬೇಡಿ.

ಹಂತ 2: ಲೆಕ್ಕ ಹೇಗೆ ಹಾಕುತ್ತಾರೆ ಅಂತ ತಿಳಿದುಕೊಳ್ಳಿ

ಇದು ಗೊತ್ತಿದ್ದರೆ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಮುಖ್ಯವಾಗಿ ಮೂರು ವಿಧಾನಗಳಿವೆ.

ಹೋಲಿಕೆ ವಿಧಾನದಲ್ಲಿ ಹತ್ತಿರದಲ್ಲಿ, ಇತ್ತೀಚೆಗೆ ಮಾರಾಟವಾದ ಇಂಥದ್ದೇ ಮನೆಗಳ ಬೆಲೆ ತೆಗೆದುಕೊಂಡು, ವ್ಯತ್ಯಾಸಗಳಿಗೆ ತಕ್ಕಂತೆ ಕೂಡಿಸಿ ಕಳೆಯುತ್ತಾರೆ. ಬಾಡಿಗೆ ಆದಾಯದ ವಿಧಾನದಲ್ಲಿ ಮನೆಯಿಂದ ಬರುವ ನಿವ್ವಳ ಬಾಡಿಗೆಯಿಂದ ಬೆಲೆ ಕಟ್ಟುತ್ತಾರೆ. ಬಾಡಿಗೆಗೆ ಕೊಟ್ಟ ಕಟ್ಟಡಗಳಿಗೆ ಇದು ಹೆಚ್ಚು. ಮೂರನೆಯದು ವೆಚ್ಚ ವಿಧಾನ: ಜಾಗದ ಬೆಲೆ, ಅದಕ್ಕೆ ಇವತ್ತು ಇದೇ ಕಟ್ಟಡ ಕಟ್ಟಲು ಬೇಕಾಗುವ ಖರ್ಚು ಸೇರಿಸಿ, ಅದರಲ್ಲಿ ಸವಕಳಿ ಕಳೆಯುವುದು.

ಸವಕಳಿ ಅಂದರೆ ಕಟ್ಟಡ ಹಳೆಯದಾದಂತೆ ಕಳೆದುಕೊಳ್ಳುವ ಬೆಲೆ. ಒಂದು ಉದಾಹರಣೆ ನೋಡಿ. ಮತ್ತೆ ಕಟ್ಟುವ ಖರ್ಚು 100 ಅಂತ ಇಟ್ಟುಕೊಳ್ಳಿ. ಕಟ್ಟಡದ ಆಯಸ್ಸು 60 ವರ್ಷ, ಈಗ 15 ವರ್ಷ ಹಳೆಯದು. ನೇರ ಲೆಕ್ಕದಲ್ಲಿ 15ನ್ನು 60ರಿಂದ ಭಾಗಿಸಿದರೆ ಶೇ. 25 ಸವಕಳಿ. ಉಳಿದಿದ್ದು 75. ಈಗ ಅದೇ ಮನೆ ನೀರು ಕುಡಿದು, ಕಬ್ಬಿಣ ತುಕ್ಕು ಹಿಡಿದು, 25 ವರ್ಷದ ಮನೆಯ ಹಾಗೆ ಕಾಣುತ್ತಿದ್ದರೆ? ವ್ಯಾಲ್ಯುಯರ್ ಅದನ್ನು 25 ವರ್ಷ ಅಂತಲೇ ಪರಿಗಣಿಸಬಹುದು. ಆಗ ಸವಕಳಿ ಸುಮಾರು ಶೇ. 42, ಉಳಿಯುವುದು 58 ಮಾತ್ರ. ಹೀಗೆ ಕಟ್ಟಡದ ಸ್ಥಿತಿ ನೋಡಿ ನಿರ್ಧರಿಸುವ ವಯಸ್ಸಿಗೆ ಪರಿಣಾಮಕಾರಿ ವಯಸ್ಸು ಅನ್ನುತ್ತಾರೆ. ಇದು ಎರಡೂ ಕಡೆ ಕೆಲಸ ಮಾಡುತ್ತದೆ. 15 ವರ್ಷದ ಮನೆಗೆ ಛಾವಣಿ, ವೈರಿಂಗ್, ಪೈಪ್ ಹೊಸದಾಗಿದ್ದರೆ ಅದನ್ನು 10 ವರ್ಷದ್ದು ಅಂತ ಪರಿಗಣಿಸುವುದಕ್ಕೂ ಅವಕಾಶವಿದೆ. ಆದರೆ ಹೊಸದಾಗಿದೆ ಅಂತ ತೋರಿಸಬೇಕಲ್ಲ, ಅದು ನಿಮ್ಮ ಕೆಲಸ.

ಹಂತ 3: ಕಾಗದಪತ್ರ ಒಂದು ಫೈಲ್‌ನಲ್ಲಿ ಜೋಡಿಸಿ

ಎಲ್ಲ ಹಂತಗಳಲ್ಲಿ ಒಂದನ್ನು ಮಾತ್ರ ಮಾಡಲು ಸಮಯ ಇದೆ ಅಂತಾದರೆ ಇದನ್ನು ಮಾಡಿ. ದಾಖಲೆಗಳ ಹೆಸರು ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಬೇರೆ. ಆದರೆ ವಿಷಯ ಇಷ್ಟೇ:

- ಮನೆ ನಿಮ್ಮದು ಅಂತ ಹೇಳುವ ಪತ್ರ, ಜಾಗದ ಅಳತೆ ಮತ್ತು ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ಸಮೇತ
- ಅನುಮೋದಿತ ಕಟ್ಟಡ ನಕ್ಷೆ, ಕಟ್ಟಡ ಮುಗಿದ ಮೇಲೆ ಸಿಕ್ಕ ಪ್ರಮಾಣಪತ್ರ
- ಆಮೇಲೆ ಕೋಣೆ, ಮಹಡಿ ಸೇರಿಸಿದ್ದರೆ ಅದರ ಅನುಮತಿ
- ಇತ್ತೀಚಿನ ತೆರಿಗೆ ರಸೀದಿ
- ಬಾಡಿಗೆಗೆ ಕೊಟ್ಟಿದ್ದರೆ ಕರಾರು ಪತ್ರ
- ಅಪಾರ್ಟ್‌ಮೆಂಟ್ ಆಗಿದ್ದರೆ ಸಂಘಕ್ಕೆ ಬಾಕಿ ಇಲ್ಲ ಅನ್ನುವ ಪತ್ರ
- ದೊಡ್ಡ ರಿಪೇರಿಗಳ ಬಿಲ್, ಗ್ಯಾರಂಟಿ ಕಾರ್ಡ್

ಎಲ್ಲದರ ಜೆರಾಕ್ಸ್ ತೆಗೆಸಿ ಇಡಿ. ಮೂಲ ಪ್ರತಿ ತೋರಿಸಿ, ಆದರೆ ಕೊಟ್ಟು ಕಳಿಸಬೇಡಿ.

ಫೈಲ್ ಜೋಡಿಸಿದ ಮೇಲೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಓದಿ. ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇದೆಯಾ? ಮನೆ ನಂಬರ್ ಬದಲಾಗಿದ್ದರೆ ಹಳೆಯದು ಇದೇ ಮನೆಯದು ಅಂತ ತೋರಿಸುವ ಪತ್ರ ಇದೆಯಾ? ಚೆಕ್ಕುಬಂದಿಯಲ್ಲಿ "ಪೂರ್ವಕ್ಕೆ ಖಾಲಿ ಜಾಗ" ಅಂತಿದ್ದು ಈಗ ಅಲ್ಲಿ ಪಕ್ಕದವರ ಮನೆ ಎದ್ದಿದ್ದರೆ, ವ್ಯಾಲ್ಯುಯರ್ ಕೇಳುವ ಮೊದಲೇ ನೀವೇ ಹೇಳಿ. ತೋರಿಸುತ್ತಿರುವ ಜಾಗವೂ ಪತ್ರದಲ್ಲಿರುವ ಜಾಗವೂ ಒಂದೇ ಅಂತ ಖಾತ್ರಿಯಾಗದೆ ಅವರು ಮುಂದೆ ಹೋಗುವಂತಿಲ್ಲ.

ಅನುಮತಿ ಇಲ್ಲದೆ ಕಟ್ಟಿದ ಭಾಗ ಇದೆಯಾ? ಮುಚ್ಚಿಡಲು ಹೋಗಬೇಡಿ. ನಕ್ಷೆ ಹಿಡಿದುಕೊಂಡು ಒಳಗೆ ಬಂದವರಿಗೆ ನಕ್ಷೆಯಲ್ಲಿ ಇಲ್ಲದ ಕೋಣೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆ ಭಾಗಕ್ಕೆ ಬೆಲೆ ಸಿಗದೇ ಹೋಗಬಹುದು. ತೆರವು ಮಾಡುವ ಖರ್ಚನ್ನು ಕಳೆಯುವುದೂ ಉಂಟು. ಸಕ್ರಮ ಮಾಡಿಸುವ ದಾರಿ ಕಾನೂನಿನಲ್ಲಿ ಇದ್ದರೆ ವ್ಯಾಲ್ಯುಯೇಷನ್‌ಗೆ ಮುಂಚೆಯೇ ಅರ್ಜಿ ಹಾಕಿ, ಅದರ ಸ್ವೀಕೃತಿಯನ್ನು ಫೈಲ್‌ನಲ್ಲಿಡಿ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಕೊನೇ ವಾರಕ್ಕೆ ಬಿಡಬೇಡಿ.

ಹಂತ 4: ನೀವೇ ಒಮ್ಮೆ ಅಳೆದು ನೋಡಿ

ಬೆಲೆ ಕಟ್ಟುವುದು ವಿಸ್ತೀರ್ಣದ ಮೇಲೆ. ಆದರೆ ಯಾವ ವಿಸ್ತೀರ್ಣ? ಕಾರ್ಪೆಟ್ ಏರಿಯಾ ಅಂದರೆ ಗೋಡೆಗಳ ಒಳಗೆ ನಡೆದಾಡಲು ಸಿಗುವ ನೆಲ. ಬಿಲ್ಟ್‌ಅಪ್ ಏರಿಯಾ ಅಂದರೆ ಅದಕ್ಕೆ ಗೋಡೆಗಳ ದಪ್ಪವೂ ಸೇರಿದ್ದು. ಸೂಪರ್ ಬಿಲ್ಟ್‌ಅಪ್ ಅಂದರೆ ಮೆಟ್ಟಿಲು, ಲಿಫ್ಟ್, ಹಜಾರದಂಥ ಎಲ್ಲರೂ ಬಳಸುವ ಜಾಗದಲ್ಲಿ ನಿಮ್ಮ ಪಾಲನ್ನೂ ಸೇರಿಸಿದ್ದು. ಸೂಪರ್ ಬಿಲ್ಟ್‌ಅಪ್ ಲೆಕ್ಕ ತಲೆಯಲ್ಲಿಟ್ಟುಕೊಂಡವರಿಗೆ ಕಾರ್ಪೆಟ್ ಲೆಕ್ಕದ ವರದಿ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮನೆ ಚಿಕ್ಕದಾಗಿಲ್ಲ, ಅಳತೆ ಬೇರೆ ಅಷ್ಟೆ. ಈ ಗೊಂದಲ ಜಗತ್ತಿನ ಎಲ್ಲ ಕಡೆಯೂ ಇದೆ. ವಸತಿ ಕಟ್ಟಡಗಳಿಗೆ ಒಂದು ಅಂತಾರಾಷ್ಟ್ರೀಯ ಅಳತೆ ಮಾನದಂಡ 2016ರಲ್ಲಿ ಬಂತು, ಆದರೂ ಸ್ಥಳೀಯ ಪದ್ಧತಿಗಳು ಹಾಗೇ ಉಳಿದಿವೆ.

ಟೇಪ್ ಹಿಡಿದು ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ ಬರೆದಿಡಿ. ಕೋಣೆ ಪೂರ್ತಿ ಚೌಕ ಇರುವುದಿಲ್ಲ, ಹಾಗಾಗಿ ಎರಡು ಕಡೆ ಅಳೆಯಿರಿ. ಮೀಟರ್‌ನಲ್ಲಿ ಅಳೆದಿದ್ದರೆ 1 ಚದರ ಮೀಟರ್‌ಗೆ 10.764 ಚದರ ಅಡಿ. ನಿಮ್ಮ ಅಳತೆಯನ್ನು ವ್ಯಾಲ್ಯುಯರ್ ಬಳಸುವುದಿಲ್ಲ, ಅವರದ್ದೇ ಲೇಸರ್ ಮೀಟರ್ ಇರುತ್ತದೆ. ಆದರೆ ವರದಿಯಲ್ಲಿ ತಪ್ಪು ನುಸುಳಿದರೆ ಹಿಡಿಯಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕು.

ಹಂತ 5: ತೇವ ಮತ್ತು ಬಿರುಕು, ದುಡ್ಡು ಹಾಕಬೇಕಾದ ಜಾಗ

ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜನ ಹೆಚ್ಚು ಎಡವುವುದು ಇಲ್ಲೇ.

ಗೋಡೆಯಲ್ಲಿ ತೇವದ ಕಲೆ ಕಂಡರೆ ತಕ್ಷಣ ಹೊಳೆಯುವುದು ಬಣ್ಣ. ಬೇಡ. ಹಲವು ವ್ಯಾಲ್ಯುಯರ್‌ಗಳ ಬಳಿ ತೇವ ಅಳೆಯುವ ಸಣ್ಣ ಮೀಟರ್ ಇರುತ್ತದೆ. ಬಣ್ಣದ ಹಿಂದಿನ ತೇವವನ್ನೂ ಅದು ತೋರಿಸುತ್ತದೆ. ಮೀಟರ್ ಇಲ್ಲದಿದ್ದರೂ, ಹತ್ತು ವರ್ಷ ಹಳೆಯ ಬಣ್ಣದ ಕೋಣೆಯಲ್ಲಿ ಒಂದೇ ಮೂಲೆ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅನುಭವಿ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಆಮೇಲೆ ಉಳಿದ ಮನೆಯ ಮೇಲೂ ಸಂಶಯ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರದ ಒಳಗೆ, ಅಡ್ಡಗೆರೆ ಎಳೆದಂತೆ ಕಲೆ ಇದ್ದು, ಬಿಳಿ ಉಪ್ಪು ಹೊಮ್ಮಿದ್ದರೆ ನೆಲದಿಂದ ತೇವ ಏರುತ್ತಿರಬಹುದು. ಮೇಲಿನ ಮೂಲೆಯಲ್ಲಿ, ಸೀಲಿಂಗ್‌ನಲ್ಲಿ ಕಲೆ ಇದ್ದರೆ ತಾರಸಿ ಅಥವಾ ಮೇಲಿನ ಪೈಪ್ ಕಾರಣ. ಸ್ನಾನದ ಕೋಣೆಯ ಹಿಂಬದಿ ಗೋಡೆಯಲ್ಲಿ ಇದ್ದರೆ ಟೈಲ್ಸ್ ನಡುವಿನ ಸಂದು ಅಥವಾ ಗೋಡೆಯೊಳಗಿನ ಪೈಪ್ ನೋಡಿಸಿ.

ಒಂದು ಸುಲಭ ಪರೀಕ್ಷೆ ಇದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಒಂದು ತುಂಡು ತೆಗೆದುಕೊಂಡು ಕಲೆ ಇರುವ ಜಾಗಕ್ಕೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ, ಹನಿ ಕಟ್ಟಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದು ಗಾಳಿಯಾಡಿಸಿದರೆ ಬಹುತೇಕ ಕಡಿಮೆಯಾಗುತ್ತದೆ. ಗಾರೆ ಒಡೆಸುವ ಮೊದಲು ಈ ಪರೀಕ್ಷೆ ಮಾಡಿದರೆ ಎಷ್ಟೋ ಖರ್ಚು ಉಳಿಯುತ್ತದೆ.

ಮೂಲ ಸರಿ ಮಾಡಿಸಿದ ಮೇಲೂ ಗೋಡೆ ಒಣಗಲು ಸಮಯ ಬೇಕು. ಕಟ್ಟಡದವರು ಹೇಳುವ ಅಂದಾಜು ಲೆಕ್ಕ: 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು. ಪೂರ್ತಿ ನೆನೆದ ದಪ್ಪ ಗೋಡೆ ಒಣಗಲು ಅರ್ಧ ವರ್ಷಕ್ಕಿಂತ ಜಾಸ್ತಿಯೂ ಹಿಡಿಯಬಹುದು. ವ್ಯಾಲ್ಯುಯೇಷನ್ ಅಷ್ಟರೊಳಗೆ ಇದ್ದರೆ ಕಲೆ ಹಾಗೇ ಇರಲಿ. ಸೋರಿಕೆ ಸರಿ ಮಾಡಿಸಿದ ಬಿಲ್, ಕೆಲಸದ ಮುಂಚಿನ ಮತ್ತು ನಂತರದ ಫೋಟೋ ತೋರಿಸಿ. "ಇಂಥ ದಿನ ರಿಪೇರಿ ಆಗಿದೆ, ಒಣಗುತ್ತಿದೆ" ಅನ್ನುವ ಮಾತಿಗೆ ಸಾಕ್ಷಿ ಇದ್ದರೆ, ಮುಚ್ಚಿಟ್ಟ ಕಲೆಗಿಂತ ಅದು ಎಷ್ಟೋ ವಾಸಿ.

ಇನ್ನು ಬಿರುಕುಗಳು. ಗಾರೆಯಲ್ಲಿ ಕೂದಲೆಳೆಯಂಥ ಬಿರುಕು ಹೆಚ್ಚಿನ ಮನೆಗಳಲ್ಲಿ ಇರುತ್ತದೆ, ಅದಕ್ಕೆ ಯಾರೂ ಬೆಲೆ ಇಳಿಸುವುದಿಲ್ಲ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯೊಂದು ಮಾಡಿದ ವರ್ಗೀಕರಣ ಹಲವು ಕಡೆ ಬಳಕೆಯಲ್ಲಿದೆ. ಅದರ ಪ್ರಕಾರ 1 ಮಿಲಿಮೀಟರ್‌ವರೆಗಿನ ಬಿರುಕು ಅತಿ ಸಣ್ಣದು, ಬಣ್ಣ ಬಳಿಯುವಾಗ ಮುಚ್ಚಿಹೋಗುವಂಥದ್ದು. 5ರವರೆಗೆ ಸಣ್ಣದು. 5 ದಾಟಿದರೆ ಮಧ್ಯಮ, 15 ದಾಟಿದರೆ ಗಂಭೀರ. ಅಗಲ ಒಂದೇ ಸಾಲದು, ಬಿರುಕು ಬೆಳೆಯುತ್ತಿದೆಯಾ ಅನ್ನುವುದೂ ಮುಖ್ಯ. ಬಿರುಕಿನ ಎರಡು ತುದಿಯಲ್ಲೂ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಕೆಲವು ತಿಂಗಳ ನಂತರವೂ ಗೆರೆ ದಾಟಿಲ್ಲ, ಅಗಲವೂ ಆಗಿಲ್ಲ ಅಂದರೆ ಅದು ನಿಂತುಹೋದ ಹಳೆಯ ಬಿರುಕು. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ, ಬೆಳೆಯುತ್ತಿರುವ ಬಿರುಕಿಗೆ ಮೇಸ್ತ್ರಿ ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡದ ಭಾರ ಮತ್ತು ಅಡಿಪಾಯದ ಲೆಕ್ಕ ಬಲ್ಲವರಿಗೆ ತೋರಿಸಿ, ಬರಹದಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ಆ ಒಂದು ಪುಟ ಕೈಯಲ್ಲಿದ್ದರೆ ವ್ಯಾಲ್ಯುಯರ್ ಭಯದಿಂದ ಜಾಸ್ತಿ ಕಳೆಯುವ ಅಗತ್ಯ ಬೀಳುವುದಿಲ್ಲ.

ಸಣ್ಣಪುಟ್ಟ ರಿಪೇರಿಗಳೂ ಇವೆ: ತೊಟ್ಟಿಕ್ಕುವ ನಲ್ಲಿ, ಒಡೆದ ಗಾಜು, ಮುಚ್ಚದ ಬಾಗಿಲು, ಕೆಟ್ಟ ಸ್ವಿಚ್, ಸಡಿಲವಾದ ಹಿಡಿಕೆ. ಒಂದೊಂದಕ್ಕೂ ಬೆಲೆ ಕಳೆಯುವುದಿಲ್ಲ. ಆದರೆ ಹತ್ತು ಒಟ್ಟಿಗೆ ಕಂಡರೆ "ಈ ಮನೆಯನ್ನು ಯಾರೂ ನೋಡಿಕೊಂಡಿಲ್ಲ" ಅನಿಸುತ್ತದೆ. ಮೊದಲು ಹೇಳಿದ ಪರಿಣಾಮಕಾರಿ ವಯಸ್ಸು ಏರುವುದು ಹೀಗೆಯೇ.

ಹಂತ 6: ಇವುಗಳಿಗೆ ಖರ್ಚು ಮಾಡಬೇಡಿ

ಪೀಠೋಪಕರಣ, ಪರದೆ, ಫ್ರಿಜ್, ಟೀವಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಕಿತ್ತುಕೊಂಡು ಹೋದರೆ ಗೋಡೆಗೋ ನೆಲಕ್ಕೋ ಹಾನಿಯಾಗುವಂಥದ್ದು ಸಾಮಾನ್ಯವಾಗಿ ಮನೆಯ ಭಾಗ, ಉಳಿದದ್ದು ಸಾಮಾನು. ಗೋಡೆಗೆ ಕೂರಿಸಿದ ಕಪಾಟು ಬರುತ್ತದೆ, ತಂದಿಟ್ಟ ಬೀರು ಬರುವುದಿಲ್ಲ. ಸೋಲಾರ್ ಫಲಕ ನಿಮ್ಮ ಸ್ವಂತದ್ದಾ, ಬಾಡಿಗೆ ಒಪ್ಪಂದದ್ದಾ ಅಂತ ಕೇಳುತ್ತಾರೆ. ಅದರ ಪತ್ರವನ್ನೂ ಫೈಲ್‌ಗೆ ಸೇರಿಸಿ.

ವ್ಯಾಲ್ಯುಯೇಷನ್‌ಗೋಸ್ಕರ ಅಂತ ಅಡುಗೆಮನೆ ಪೂರ್ತಿ ಬದಲಾಯಿಸುವುದು ಬೇಡವೇ ಬೇಡ. ಖರ್ಚು ಮಾಡಿದ್ದೆಲ್ಲ ಬೆಲೆಯಾಗಿ ವಾಪಸ್ ಬರುವುದಿಲ್ಲ. ಸುತ್ತಮುತ್ತಲಿನ ಮನೆಗಳು ಯಾವ ಮಟ್ಟದಲ್ಲಿವೆಯೋ ಅದರ ಮೇಲೆ ನಿಮ್ಮ ಮನೆಯ ಬೆಲೆಗೂ ಒಂದು ಮಿತಿ ಇರುತ್ತದೆ. ನಿಮಗೆ ಇಷ್ಟ ಅಂತ ಮಾಡಿಸಿಕೊಳ್ಳಿ, ಬೆಲೆ ಏರುತ್ತದೆ ಅಂತ ಮಾಡಿಸಬೇಡಿ.

ಹಾಗಾದರೆ ಬಣ್ಣ ಯಾವಾಗ ಹೊಡೆಸಬಹುದು? ಹೊರಗೋಡೆಯ ಬಣ್ಣ ಪೂರ್ತಿ ಕಿತ್ತುಹೋಗಿ ಮಳೆನೀರು ಗಾರೆಗೆ ಇಳಿಯುತ್ತಿದ್ದರೆ ಹೊಡೆಸಿ. ಅದು ಅಲಂಕಾರ ಅಲ್ಲ, ಕಟ್ಟಡದ ರಕ್ಷಣೆ.

ಹಂತ 7: ಎಲ್ಲ ಕಡೆ ಹೋಗಲು ದಾರಿ ಇರಲಿ

ಹಿಂದಿನ ದಿನ ಮನೆಯನ್ನು ಹೊಸಬರ ಹಾಗೆ ಒಂದು ಸುತ್ತು ಹಾಕಿ. ಪ್ರತಿ ಬೀಗದ ಕೈ ಎಲ್ಲಿದೆ? ಅಟ್ಟ, ತಾರಸಿ, ನೀರಿನ ಟ್ಯಾಂಕ್, ಪಂಪ್, ಮೀಟರ್ ಬೋರ್ಡ್, ಗ್ಯಾರೇಜ್, ಹಿತ್ತಲು ಎಲ್ಲ ಕಡೆ ಹೋಗಲು ಆಗುತ್ತದಾ? ಮೀಟರ್ ಬೋರ್ಡ್ ಎದುರು ಹಳೇ ಪೆಟ್ಟಿಗೆ ಜೋಡಿಸಿದ್ದರೆ ತೆಗೆಯಿರಿ. ಜಾಗದ ಮೂಲೆಗಳ ಗಡಿಕಲ್ಲು ಗಿಡಗಂಟಿಯಲ್ಲಿ ಮುಚ್ಚಿದ್ದರೆ ಸವರಿಸಿ.

ನೋಡಲು ಸಿಗದ ಕೋಣೆಗೆ ವ್ಯಾಲ್ಯುಯರ್ "ನೋಡಿಲ್ಲ" ಅಂತ ಬರೆಯುತ್ತಾರೆ, ಇಲ್ಲವೇ ಮತ್ತೊಮ್ಮೆ ಬರಬೇಕಾಗುತ್ತದೆ. ಎರಡನೇ ಭೇಟಿಗೆ ಮತ್ತೆ ಶುಲ್ಕ ಕೇಳುವುದೂ ಇದೆ. ಬಾಡಿಗೆಯವರಿದ್ದರೆ ದಿನ, ಹೊತ್ತು ಮೊದಲೇ ತಿಳಿಸಿ, ಅವರ ಒಪ್ಪಿಗೆ ಪಡೆಯಿರಿ. ಬೆಳಿಗ್ಗೆ ಫೋನ್ ಮಾಡಿ "ಈಗ ಬರ್ತಾರೆ" ಅನ್ನುವುದು ಸರಿಯಲ್ಲ.

ನೀರು, ಕರೆಂಟ್ ಚಾಲೂ ಇರಲಿ. ಉರಿಯದ ಬಲ್ಬ್ ಬದಲಾಯಿಸಿ. ಖಾಲಿ ಬಿದ್ದ ಮನೆಯಾದರೆ ಇದನ್ನು ಮರೆಯುವವರೇ ಹೆಚ್ಚು, ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದ ಮನೆಯ ವರದಿ ನಿಮಗೆ ಅನುಕೂಲವಾಗಿ ಬರುವುದು ಕಷ್ಟ. ನಾಯಿಯಿದ್ದರೆ ಕಟ್ಟಿಹಾಕಿ ಅಥವಾ ಹೊರಗೆ ಕಳಿಸಿ.

ವ್ಯಾಲ್ಯುಯರ್ ಪ್ರತಿ ಕೋಣೆಯ ಫೋಟೋ ತೆಗೆಯುತ್ತಾರೆ, ಅದು ವರದಿಯಲ್ಲಿ ಹೋಗುತ್ತದೆ. ಒಡವೆ, ಬ್ಯಾಂಕ್ ಕಾಗದ, ಮಕ್ಕಳ ಫೋಟೋ, ಪಾಸ್‌ವರ್ಡ್ ಬರೆದ ಚೀಟಿ ಕಣ್ಣಿಗೆ ಬೀಳದಂತೆ ಎತ್ತಿಡಿ. ಮನೆ ಹೊಳೆಯಬೇಕಿಲ್ಲ. ನೆಲ, ಗೋಡೆ, ಸೀಲಿಂಗ್ ಕಂಡರೆ ಸಾಕು.

ಈಗ ಎಷ್ಟೋ ಕಡೆ ಒಳಗೆ ಬಾರದೆ ಹೊರಗಿನಿಂದ ನೋಡಿ, ಅಥವಾ ಕಂಪ್ಯೂಟರ್‌ನಲ್ಲಿ ಮಾರಾಟದ ಮಾಹಿತಿ ಇಟ್ಟುಕೊಂಡೇ ಬೆಲೆ ಕಟ್ಟುತ್ತಾರೆ. ನಿಮ್ಮದು ಅಂಥದ್ದಾ ಅಂತ ಮೊದಲೇ ಕೇಳಿ. ಹೌದಾದರೆ ಒಳಗೆ ಮಾಡಿದ ಸುಧಾರಣೆ ಅವರಿಗೆ ಕಾಣುವುದೇ ಇಲ್ಲ. ಫೋಟೋ, ಬಿಲ್ ಕಳಿಸಲು ಅವಕಾಶ ಇದೆಯಾ ಅಂತ ವಿಚಾರಿಸಿ.

ಹಂತ 8: ಒಂದು ಪುಟದ ಮಾಹಿತಿ ಪತ್ರ ಬರೆಯಿರಿ

ನನ್ನ ಪ್ರಕಾರ ಎಲ್ಲಕ್ಕಿಂತ ಕಡಿಮೆ ಶ್ರಮದಲ್ಲಿ ಹೆಚ್ಚು ಉಪಯೋಗ ಇದರಿಂದ. ಒಂದೇ ಪುಟ, ಹೊಗಳಿಕೆ ಬೇಡ. ಮನೆ ಕಟ್ಟಿದ ವರ್ಷ, ಜಾಗ ಮತ್ತು ಕಟ್ಟಡದ ಅಳತೆ, ಆಮೇಲೆ ಮಾಡಿಸಿದ ದೊಡ್ಡ ಕೆಲಸಗಳು ವರ್ಷದ ಸಮೇತ. "ವೈರಿಂಗ್ ಪೂರ್ತಿ ಹೊಸದು, 2021, ಬಿಲ್ ಲಗತ್ತಿಸಿದೆ. ತಾರಸಿಗೆ ನೀರು ತಡೆ ಲೇಪನ, 2023." ಹೀಗೆ. ಗೋಡೆಯೊಳಗೆ ಹುದುಗಿದ ಪೈಪ್, ವೈರ್, ಸೀಲಿಂಗ್ ಮೇಲಿನ ಶಾಖ ತಡೆ ಪದರ ಕಣ್ಣಿಗೆ ಕಾಣುವುದಿಲ್ಲವಲ್ಲ, ಇಲ್ಲಿ ಬರೆಯದಿದ್ದರೆ ಅವು ಇದ್ದೂ ಇಲ್ಲದಂತೆ.

ಅದರ ಕೆಳಗೆ, ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ ಮೂರ್ನಾಲ್ಕು ಮನೆಗಳ ವಿವರ ಬರೆಯಿರಿ, ನಿಮಗೆ ಖಚಿತವಾಗಿ ಗೊತ್ತಿದ್ದರೆ ಮಾತ್ರ. ಜಾಹೀರಾತಿನಲ್ಲಿ ಕೇಳಿದ ಬೆಲೆ ಲೆಕ್ಕಕ್ಕಿಲ್ಲ. ಮಾರಿದವರು ಕೇಳಿದ್ದು ಒಂದು, ಕೈಗೆ ಬಂದದ್ದು ಇನ್ನೊಂದು. ನೋಂದಣಿಯಾದ ಬೆಲೆ ಇದ್ದರೆ ಅದನ್ನೇ ಬರೆಯಿರಿ. ಎಲ್ಲ ದುಬಾರಿ ಮನೆಗಳನ್ನೇ ಆರಿಸಿ ಬರೆದರೆ ನಿಮ್ಮ ಪತ್ರಕ್ಕೆ ಬೆಲೆ ಇರುವುದಿಲ್ಲ.

ಹಂತ 9: ಬಂದ ದಿನ

ಸಾಧಾರಣ ಮನೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕಾಗುತ್ತದೆ. ಬೇಗ ಮುಗಿಸಿದರು ಅಂತ ಬೇಜಾರಾಗಬೇಡಿ, ಹೆಚ್ಚಿನ ಕೆಲಸ ಆಮೇಲೆ ಮೇಜಿನ ಮುಂದೆ ನಡೆಯುತ್ತದೆ.

ಮೊದಲು ಗುರುತಿನ ಚೀಟಿ ನೋಡಿ. ಫೈಲ್, ಮಾಹಿತಿ ಪತ್ರ ಕೈಗೆ ಕೊಡಿ. ಮನೆಯ ವಿಷಯ ಗೊತ್ತಿರುವ ಒಬ್ಬರು ಜೊತೆಗಿದ್ದರೆ ಸಾಕು, ಮನೆಮಂದಿಯೆಲ್ಲ ಹಿಂದೆ ಹಿಂದೆ ಸುತ್ತುವುದು ಬೇಡ. ಅಳತೆ ಬರೆದುಕೊಳ್ಳುತ್ತಿರುವಾಗ ಮಾತಾಡಿಸಿದರೆ ತಪ್ಪು ನುಸುಳುತ್ತದೆ.

"ಇಷ್ಟು ಬೆಲೆ ಬರಬೇಕು, ನೋಡಿ ಮಾಡಿ" ಅಂತ ಹೇಳಬೇಡಿ. ಹಣ, ಉಡುಗೊರೆ ಕೊಡುವ ಮಾತು ಎತ್ತಲೇಬೇಡಿ. ಅದು ಅವರ ಪರವಾನಗಿಗೂ ನಿಮ್ಮ ಸಾಲಕ್ಕೂ ಕುತ್ತು ತರುತ್ತದೆ. ನೆರೆ ನೀರು ನುಗ್ಗಿದ್ದು, ಗಡಿ ತಕರಾರು, ಕೋರ್ಟಿನಲ್ಲಿರುವ ದಾವೆ ಇದ್ದರೆ ಕೇಳಿದಾಗ ನಿಜ ಹೇಳಿ. ಆಮೇಲೆ ಬೇರೆಯವರಿಂದ ಗೊತ್ತಾದರೆ ವರದಿಯೇ ಬಿದ್ದುಹೋಗಬಹುದು.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಊಹಿಸಬೇಡಿ. "ನೋಡಿ ಸಂಜೆಯೊಳಗೆ ಕಳಿಸುತ್ತೇನೆ" ಅನ್ನಿ, ಕಳಿಸಿ.

ಹಂತ 10: ವರದಿ ಕೈಗೆ ಬಂದಾಗ

ಕೊನೆಯ ಪುಟದ ಬೆಲೆ ನೋಡಿ ಮಡಚಿಡಬೇಡಿ. ಮೊದಲು ವಾಸ್ತವಾಂಶಗಳನ್ನು ಪರಿಶೀಲಿಸಿ: ವಿಳಾಸ, ಜಾಗದ ಅಳತೆ, ಕಟ್ಟಡದ ವಿಸ್ತೀರ್ಣ, ಮಹಡಿಗಳ ಸಂಖ್ಯೆ, ಕೋಣೆಗಳು, ಕಟ್ಟಿದ ವರ್ಷ, ಹೋಲಿಕೆಗೆ ತೆಗೆದುಕೊಂಡ ಮನೆಗಳು. ನಿಮ್ಮ ಟೇಪ್ ಅಳತೆ ಈಗ ಕೆಲಸಕ್ಕೆ ಬರುತ್ತದೆ. "ಊಹೆಗಳು ಮತ್ತು ಮಿತಿಗಳು" ಅನ್ನುವ ಭಾಗವನ್ನು ಹೆಚ್ಚಿನವರು ಓದುವುದೇ ಇಲ್ಲ, ನೀವು ಓದಿ. ಏನನ್ನು ನೋಡಿಲ್ಲ, ಏನನ್ನು ನಿಜವೆಂದು ಭಾವಿಸಿಕೊಂಡು ಬರೆದಿದ್ದಾರೆ ಅನ್ನುವುದು ಅಲ್ಲಿರುತ್ತದೆ.

ತಪ್ಪು ಕಂಡರೆ ಬರಹದಲ್ಲಿ ತಿಳಿಸಿ, ದಾಖಲೆ ಲಗತ್ತಿಸಿ. "ಬೆಲೆ ಕಡಿಮೆಯಾಯಿತು" ಅಂತ ಬರೆದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಪುಟ 3ರಲ್ಲಿ ಮೊದಲ ಮಹಡಿ 60 ಚದರ ಮೀಟರ್ ಅಂತಿದೆ, ಅನುಮೋದಿತ ನಕ್ಷೆಯಲ್ಲಿ 72 ಇದೆ, ಪ್ರತಿ ಲಗತ್ತಿಸಿದೆ" ಅಂತ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ಸಾಲದ ವ್ಯಾಲ್ಯುಯೇಷನ್ ಆಗಿದ್ದರೆ ಪತ್ರವನ್ನು ಸಾಲ ಕೊಡುವ ಸಂಸ್ಥೆಯ ಮೂಲಕವೇ ಕಳಿಸಿ, ಯಾಕೆಂದರೆ ವ್ಯಾಲ್ಯುಯರ್ ಉತ್ತರಿಸಬೇಕಾದದ್ದು ಅವರಿಗೆ.

ಅಳತೆ ಸರಿ, ಹೋಲಿಕೆ ಸರಿ, ಆದರೂ ಬೆಲೆ ನಿಮ್ಮ ನಿರೀಕ್ಷೆಗಿಂತ ಕಡಿಮೆ ಅಂದರೆ ಅದು ಅವರ ವೃತ್ತಿಪರ ಅಭಿಪ್ರಾಯ. ಸ್ವಂತ ಖರ್ಚಿನಲ್ಲಿ ಇನ್ನೊಬ್ಬರಿಂದ ಮಾಡಿಸಬಹುದು. ಅದನ್ನು ಸಾಲದವರು ಒಪ್ಪುತ್ತಾರಾ, ಯಾರ ಪಟ್ಟಿಯಲ್ಲಿರುವ ವ್ಯಾಲ್ಯುಯರ್ ಆಗಬೇಕು ಅಂತ ಕೇಳಿಕೊಂಡ ಮೇಲೆಯೇ ಶುಲ್ಕ ಕಟ್ಟಿ. ಮೊದಲ ವರದಿಯ ಪ್ರತಿಯನ್ನು ಕೇಳಿ ಫೈಲ್‌ನಲ್ಲೇ ಇಟ್ಟುಕೊಳ್ಳಿ. ತಿಂಗಳುಗಳು ಕಳೆದು ಅದರ ಅವಧಿ ಮುಗಿದರೂ, ಮುಂದಿನ ಸಲ ಬರುವವರಿಗೆ ಅದರಲ್ಲಿರುವ ಅಳತೆ ಮತ್ತು ಫೋಟೋ ಉಪಯೋಗಕ್ಕೆ ಬರುತ್ತವೆ.